ನಮ್ಮೂರಿನ ಪ್ರೌಢಶಾಲೆಗಳ ಎಸ್.ಎಸ್.ಎಲ್.ಸಿ. ಫಲಿತಾಂಶ: ಹೋಲಿಸುವ ಮೊದಲು ತಿಳಿದಿರಬೇಕಾದದ್ದು



ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ಕರಾವಳಿಯ ಯಾವ ಪೇಟೆಗೆ ಹೋದರೂ ಶಾಲೆಗಳ ಫ್ಲೆಕ್ಸ್‌ಗಳು ಕಾಣಸಿಗುತ್ತವೆ. ‘ಶೇ. 100 ಫಲಿತಾಂಶ’ ಎಂಬ ದೊಡ್ಡ ಅಕ್ಷರ, ಕೆಳಗೆ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರ. ಆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿಯೂ ಅದೇ ಮಾತು: ಯಾವ ಶಾಲೆ ಮುಂದೆ, ಯಾವ ಶಾಲೆ ಹಿಂದೆ, ಏಳನೆಯ ತರಗತಿ ಮುಗಿಸಿದ ನಮ್ಮ ಮಗುವನ್ನು ಎಲ್ಲಿಗೆ ಸೇರಿಸೋಣ. ‘ಎಲ್ಲ ಶಾಲೆಗಳ ಫಲಿತಾಂಶವನ್ನು ಸಾಲಾಗಿ ಪ್ರಕಟಿಸಿ, ನಾವೇ ನೋಡಿಕೊಳ್ಳುತ್ತೇವೆ’ ಎಂದು ಹೆತ್ತವರು ನಮ್ಮನ್ನೂ ಕೇಳುವುದುಂಟು.

ಆ ಪಟ್ಟಿಯನ್ನು ನಾವು ಇಲ್ಲಿ ಕೊಡುವುದಿಲ್ಲ. ಪಟ್ಟಿ ಯಾರ ಕೈಗೆ ಬಂದರೂ ಅದನ್ನು ಸರಿಯಾಗಿ ಓದುವುದು ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಹೆತ್ತವರಿಗೆ, ಶಾಲಾ ಸಂಚಾಲಕರಿಗೆ, ಪಾಲನಾ ಪರಿಷತ್ತಿನ ಸದಸ್ಯರಿಗೆ ಮತ್ತು ವಾರ್ಡುಗಳ ಗುರಿಕಾರರಿಗೆ ಇದು ಉಪಯೋಗಕ್ಕೆ ಬಂದೀತು ಎಂಬ ನಂಬಿಕೆ ನಮ್ಮದು.

ಶಾಲೆಗಳಲ್ಲಿ ಎಷ್ಟು ಬಗೆ?

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮಕ್ಕಳನ್ನು ಕಳುಹಿಸುವ ಪ್ರೌಢಶಾಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಸರಕಾರಿ ಪ್ರೌಢಶಾಲೆ. ಇಲ್ಲಿ ಶಿಕ್ಷಕರ ನೇಮಕ, ವರ್ಗಾವಣೆ, ವೇತನ ಎಲ್ಲವೂ ಸರಕಾರದ್ದು. 2018-19ರಿಂದ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳೂ ಈ ಗುಂಪಿನವೇ.

ಎರಡನೆಯದು ಅನುದಾನಿತ ಶಾಲೆ. ಆಡಳಿತ ಖಾಸಗಿ ಸಂಸ್ಥೆಯದ್ದು, ಮಂಜೂರಾದ ಹುದ್ದೆಗಳ ವೇತನ ಸರಕಾರದ್ದು. ನಮ್ಮ ಚರ್ಚ್‌ಗಳು ಮತ್ತು ಧರ್ಮಭಗಿನಿಯರ ಸಂಸ್ಥೆಗಳು ನಡೆಸುತ್ತಿರುವ ಹಳೆಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಹೆಚ್ಚಿನವು ಈ ಗುಂಪಿಗೆ ಸೇರುತ್ತವೆ.

ಮೂರನೆಯದು ಅನುದಾನರಹಿತ ಶಾಲೆ. ಇಲ್ಲಿ ಖರ್ಚೆಲ್ಲ ಶುಲ್ಕದಿಂದ ಅಥವಾ ಆಡಳಿತ ಮಂಡಳಿಯ ಕೈಯಿಂದ. ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಬಹುಪಾಲು ಇಂಥವು.

ಇವಲ್ಲದೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥ ಸಂಸ್ಥೆಗಳಿವೆ. ಇಲ್ಲಿಗೆ ಮಕ್ಕಳನ್ನು ಪ್ರವೇಶ ಪರೀಕ್ಷೆಯ ಮೂಲಕ ಆರಿಸಲಾಗುತ್ತದೆ. ಆರಿಸಿ ತೆಗೆದುಕೊಂಡ ಶಾಲೆಯನ್ನು, ಬಾಗಿಲಿಗೆ ಬಂದ ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಯೊಂದಿಗೆ ಹೋಲಿಸುವುದು ನ್ಯಾಯವಲ್ಲ. ಹಾಗೆಯೇ ಸಿ.ಬಿ.ಎಸ್.ಇ. ಮತ್ತು ಐ.ಸಿ.ಎಸ್.ಇ. ಶಾಲೆಗಳ ಪರೀಕ್ಷೆಯೇ ಬೇರೆ. ಆ ಶೇಕಡಾವನ್ನು ಈ ಶೇಕಡಾದ ಪಕ್ಕದಲ್ಲಿ ಇಡಲಾಗದು.

ಒಂದು ಪ್ರದೇಶದ ಶಾಲೆಗಳನ್ನು ನೋಡುವಾಗ ಇಲಾಖೆಯ ಲೆಕ್ಕ ಶೈಕ್ಷಣಿಕ ವಲಯದ ಪ್ರಕಾರ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ದಕ್ಷಿಣ ಕನ್ನಡದಲ್ಲಿ ಮಂಗಳೂರು ಉತ್ತರ, ಮಂಗಳೂರು ದಕ್ಷಿಣ, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಎಂಬ 7 ವಲಯಗಳಿವೆ. ಉಡುಪಿಯಲ್ಲಿ ಉಡುಪಿ, ಬ್ರಹ್ಮಾವರ, ಕಾರ್ಕಳ, ಕುಂದಾಪುರ, ಬೈಂದೂರು ಎಂಬ 5. ಕಡಬ, ಉಳ್ಳಾಲ, ಮೂಲ್ಕಿಯಂಥ ಹೊಸ ತಾಲೂಕುಗಳ ಗಡಿಗೂ ವಲಯದ ಗಡಿಗೂ ತಾಳೆಯಾಗುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಗಡಿಯಂತೂ ಎರಡಕ್ಕೂ ಸಂಬಂಧಪಟ್ಟದ್ದಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸಬಹುದೇ?

ಎಸ್.ಎಸ್.ಎಲ್.ಸಿ.ಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರತಿ ವಿಷಯದಲ್ಲಿ ಐದನೆಯ ಒಂದು ಭಾಗ ಆಂತರಿಕ ಅಂಕ, ಉಳಿದದ್ದು ಲಿಖಿತ ಪರೀಕ್ಷೆ. ಈ ಚೌಕಟ್ಟು ಒಂದೇ ರೀತಿ ಇದ್ದರೂ, ಪರೀಕ್ಷೆ ನಡೆಸುವ ಮತ್ತು ಉತ್ತೀರ್ಣಗೊಳಿಸುವ ನಿಯಮಗಳು ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿವೆ.

2021ರಲ್ಲಿ ಕೊರೋನಾ ಕಾರಣದಿಂದ ಜುಲೈ 19 ಮತ್ತು 22ರಂದು ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ನಡೆಯಿತು. ಬಹುತೇಕ ಎಲ್ಲರೂ ಉತ್ತೀರ್ಣರಾದರು. 2022ರಲ್ಲಿ ರಾಜ್ಯದ ಫಲಿತಾಂಶ ಶೇ. 85.63, 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ನೇರವಾಗಿ ವೀಕ್ಷಿಸುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಆ ವರ್ಷ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಕೃಪಾಂಕಕ್ಕೆ ಅರ್ಹರಾಗಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಪರೀಕ್ಷೆ-1ರ ಫಲಿತಾಂಶ ಶೇ. 66.14.

2025-26ನೇ ಸಾಲಿನಿಂದ ನಿಯಮ ಮತ್ತೆ ಬದಲಾಗಿದೆ. ಮೊದಲು ಶೇ. 35 ಇದ್ದ ಉತ್ತೀರ್ಣತೆಯ ಮಟ್ಟ ಈಗ ಒಟ್ಟಾರೆ ಶೇ. 33, ಅಂದರೆ 625ಕ್ಕೆ 206. ಜೊತೆಗೆ ಪ್ರತಿ ವಿಷಯದಲ್ಲಿಯೂ ಕನಿಷ್ಠ ಶೇ. 30 ಅಂಕ ಬೇಕು.

ಆದುದರಿಂದ ಒಂದು ಶಾಲೆ 2023ರಲ್ಲಿ ಶೇ. 95 ಪಡೆದು 2025ರಲ್ಲಿ ಶೇ. 88 ಪಡೆದರೆ ‘ಶಾಲೆ ಹಾಳಾಯಿತು’ ಎನ್ನುವಂತಿಲ್ಲ. ರಾಜ್ಯದ ಸರಾಸರಿ ಅದೇ ಅವಧಿಯಲ್ಲಿ ಹದಿನೇಳು ಅಂಶಕ್ಕಿಂತ ಹೆಚ್ಚು ಕುಸಿದಿರುವಾಗ ಈ ಶಾಲೆ ಏಳು ಅಂಶ ಮಾತ್ರ ಇಳಿದಿದೆ ಎಂದರೆ ಅಲ್ಲಿ ಗಟ್ಟಿಯಾದ ಕೆಲಸ ನಡೆದಿದೆ ಎಂದೇ ಅರ್ಥ.

ಜಿಲ್ಲೆಯ ಸ್ಥಾನ ಏನು ಹೇಳುತ್ತದೆ?

2024ರಲ್ಲಿ ಉಡುಪಿ ಶೇ. 94ರೊಂದಿಗೆ ಪ್ರಥಮ, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ದ್ವಿತೀಯ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಪ್ರಥಮ, ಉಡುಪಿ ಶೇ. 89.96ರೊಂದಿಗೆ ದ್ವಿತೀಯ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದಕ್ಷಿಣ ಕನ್ನಡ ಎರಡರಿಂದ ಒಂದನೆಯ ಸ್ಥಾನಕ್ಕೆ ಏರಿದ ವರ್ಷ ಅದರ ಫಲಿತಾಂಶ ಒಂದು ಅಂಶ ಕಡಿಮೆಯಾಗಿತ್ತು. ಸ್ಥಾನ ಮೇಲೇರಿತು, ಶೇಕಡಾ ಕೆಳಗಿಳಿಯಿತು.

2023ರ ಮಾತು ಇನ್ನೂ ಸ್ಪಷ್ಟ. ಆ ವರ್ಷ ಚಿತ್ರದುರ್ಗ, ಮಂಡ್ಯ, ಹಾಸನ ಮೊದಲ ಮೂರು ಸ್ಥಾನ ಪಡೆದವು. ನಮ್ಮ ಎರಡೂ ಜಿಲ್ಲೆಗಳು ಶೇ. 89ರ ಆಸುಪಾಸಿನಲ್ಲಿದ್ದು ಮೊದಲ ಹತ್ತರೊಳಗೂ ಬರಲಿಲ್ಲ. ‘ಬುದ್ಧಿವಂತರ ಜಿಲ್ಲೆಗೆ ಏನಾಯಿತು’ ಎಂದು ಎಲ್ಲೆಡೆ ಚರ್ಚೆ ನಡೆಯಿತು. ಎರಡು ವರ್ಷಗಳ ನಂತರ ಹೆಚ್ಚುಕಡಿಮೆ ಅಷ್ಟೇ ಶೇಕಡಾ ಉಡುಪಿಗೆ ಎರಡನೆಯ ಸ್ಥಾನ ತಂದುಕೊಟ್ಟಿತು. ಸ್ಥಾನವೆಂಬುದು ನಮ್ಮ ಮಕ್ಕಳ ಕಲಿಕೆಯ ಜೊತೆಗೆ ಬೇರೆ ಜಿಲ್ಲೆಗಳ ಏರಿಳಿತವನ್ನೂ ಹೇಳುತ್ತದೆ. ಜಿಲ್ಲೆಗೆ ಅನ್ವಯಿಸುವ ಈ ಮಾತು ಶಾಲೆಗೂ ಅನ್ವಯಿಸುತ್ತದೆ.

ಯಾರನ್ನು ಎಣಿಸಲಾಗಿದೆ ಎಂಬುದರಿಂದಲೂ ಶೇಕಡಾ ಬದಲಾಗುತ್ತದೆ. 2025ರ ಪರೀಕ್ಷೆ-1ಕ್ಕೆ ಶಾಲೆಗಳಿಂದ ಮೊದಲ ಬಾರಿ ಹಾಜರಾದವರು 7,90,890, ಉತ್ತೀರ್ಣರಾದವರು 5,23,075. ಇದು ಶೇ. 66.14. ಪುನರಾವರ್ತಿತ ಹಾಗೂ ಖಾಸಗಿ ಅಭ್ಯರ್ಥಿಗಳನ್ನೂ ಸೇರಿಸಿದರೆ ಹಾಜರಾದವರು 8,42,173, ಉತ್ತೀರ್ಣರು 5,24,984. ಇದು ಶೇ. 62.34. ಎರಡೂ ಸರಿಯಾದ ಲೆಕ್ಕವೇ. ಖಾಸಗಿ ಅಭ್ಯರ್ಥಿಗಳನ್ನು ಸೇರಿಸುವ ಅಥವಾ ಬಿಡುವ ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇವೆ, ಏಕೆಂದರೆ ಶಾಲೆಯ ಮಟ್ಟದಲ್ಲಿ ಅದರ ಪರಿಣಾಮ ದೊಡ್ಡದು.

ಸರಕಾರಿ, ಅನುದಾನಿತ, ಅನುದಾನರಹಿತ

2025ರಲ್ಲಿ ರಾಜ್ಯಮಟ್ಟದಲ್ಲಿ ಸರಕಾರಿ ಶಾಲೆಗಳ ಫಲಿತಾಂಶ ಶೇ. 62.7, ಅನುದಾನಿತ ಶಾಲೆಗಳದ್ದು ಶೇ. 58.97, ಅನುದಾನರಹಿತ ಶಾಲೆಗಳದ್ದು ಶೇ. 75.59. ‘ಶುಲ್ಕ ಕೊಟ್ಟರೆ ಮಾತ್ರ ವಿದ್ಯೆ’ ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಆದರೆ ಈ ಅಂತರಕ್ಕೆ ಪಾಠ ಮಾಡುವ ರೀತಿಯೊಂದೇ ಕಾರಣವಲ್ಲ.

ಅನುದಾನರಹಿತ ಶಾಲೆಗೆ ಮಗುವನ್ನು ಕಳುಹಿಸುವ ಮನೆಯಲ್ಲಿ ಸಾಮಾನ್ಯವಾಗಿ ಶುಲ್ಕ ಕಟ್ಟುವ ಶಕ್ತಿಯಿದೆ, ಓದಲು ಒಂದು ಮೂಲೆಯಿದೆ, ಹಲವೆಡೆ ಟ್ಯೂಷನ್ ಕೂಡ ಇದೆ. ಮೀನುಗಾರಿಕಾ ದಕ್ಕೆಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯಲು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಸೇರುವುದು ಹತ್ತಿರದ ಸರಕಾರಿ ಅಥವಾ ಅನುದಾನಿತ ಶಾಲೆಗೆ. ಮಧ್ಯಾಹ್ನದ ಬಿಸಿಯೂಟ ಆ ಮಕ್ಕಳಿಗೆ ಸಣ್ಣ ವಿಷಯವಲ್ಲ. ವರ್ಷದ ನಡುವೆ ಬರುವವರಿದ್ದಾರೆ, ನಡುವೆಯೇ ಊರಿಗೆ ಹೊರಟುಹೋಗುವವರೂ ಇದ್ದಾರೆ.

ಅನುದಾನಿತ ಶಾಲೆಗಳಿಗೆ ಇನ್ನೊಂದು ಕಷ್ಟವಿದೆ. ನಿವೃತ್ತರಾದ ಶಿಕ್ಷಕರ ಹುದ್ದೆಗಳು ವರ್ಷಗಟ್ಟಲೆ ಭರ್ತಿಯಾಗದೆ ಉಳಿಯುತ್ತವೆ. ಗಣಿತ ಅಥವಾ ವಿಜ್ಞಾನದ ಹುದ್ದೆ ಖಾಲಿಯಾದರೆ ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಯಾರನ್ನಾದರೂ ನೇಮಿಸಬೇಕು. ಮಕ್ಕಳ ಸಂಖ್ಯೆ ಇಳಿದ ಶಾಲೆಗೆ ಅದು ಭಾರ. ಫಲಿತಾಂಶ ಇಳಿದರೆ ಮಕ್ಕಳು ಬೇರೆಡೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದರೆ ಹುದ್ದೆಯನ್ನು ಉಳಿಸಿಕೊಳ್ಳುವುದೇ ಕಷ್ಟ. ನಮ್ಮ ಹಲವು ಹಳೆಯ ಕನ್ನಡ ಮಾಧ್ಯಮ ಶಾಲೆಗಳು ಈ ಸುಳಿಯಲ್ಲಿವೆ.

‘ಶೇ. 100’ರ ಹಿಂದಿನ ಲೆಕ್ಕ

ಈಗ ಈ ಲೇಖನದ ಮುಖ್ಯ ಮಾತಿಗೆ ಬರೋಣ. ಶೇಕಡಾವನ್ನು ಲೆಕ್ಕ ಹಾಕುವುದು ಪರೀಕ್ಷೆಗೆ ಕುಳಿತವರ ಮೇಲೆ, ಶಾಲೆಗೆ ಸೇರಿದವರ ಮೇಲೆ ಅಲ್ಲ. ಒಂದು ಕಲ್ಪಿತ ಉದಾಹರಣೆ ನೋಡೋಣ.

ಒಂದನೆಯ ಶಾಲೆಯಲ್ಲಿ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು ಎಂದಿಟ್ಟುಕೊಳ್ಳಿ. ಒಂಬತ್ತಕ್ಕೆ ಬರುವ ಮೊದಲು 5 ಮಂದಿ ಬಿಟ್ಟರು. ಒಂಬತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾದ 8 ಮಂದಿಗೆ ‘ಬೇರೆ ಶಾಲೆ ನೋಡಿಕೊಳ್ಳಿ’ ಎಂಬ ಸಲಹೆ ಸಿಕ್ಕಿತು. ಹತ್ತರಲ್ಲಿ ಹಿಂದುಳಿದ 3 ಮಂದಿ ಖಾಸಗಿ ಅಭ್ಯರ್ಥಿಗಳಾದರು. ಉಳಿದ 44 ಮಂದಿ ಪರೀಕ್ಷೆ ಬರೆದು ಎಲ್ಲರೂ ಉತ್ತೀರ್ಣರಾದರು. ಫ್ಲೆಕ್ಸ್‌ನಲ್ಲಿ ಶೇ. 100.

ಎರಡನೆಯ ಶಾಲೆಗೂ 60 ಮಕ್ಕಳೇ ಸೇರಿದರು. 58 ಮಂದಿ ಪರೀಕ್ಷೆ ಬರೆದರು, 51 ಮಂದಿ ಉತ್ತೀರ್ಣರಾದರು. ಫಲಿತಾಂಶ ಶೇ. 87.9. ಫ್ಲೆಕ್ಸ್ ಇಲ್ಲ.

ಆದರೆ ಸೇರಿದ 60 ಮಕ್ಕಳಲ್ಲಿ ಮೊದಲ ಶಾಲೆಯಿಂದ ದಡ ಮುಟ್ಟಿದವರು ಶೇ. 73.3, ಎರಡನೆಯ ಶಾಲೆಯಿಂದ ಶೇ. 85. ಯಾವುದು ಉತ್ತಮ ಶಾಲೆ ಎಂಬುದನ್ನು ಓದುಗರೇ ಹೇಳಲಿ.

ಶೇ. 100 ಪಡೆದ ಶಾಲೆಗಳೆಲ್ಲ ಹೀಗೆ ಮಾಡುತ್ತವೆ ಎಂದು ಖಂಡಿತವಾಗಿಯೂ ನಮ್ಮ ಮಾತಲ್ಲ. ಸೇರಿದ ಪ್ರತಿ ಮಗುವನ್ನೂ ಉಳಿಸಿಕೊಂಡು, ಸಂಜೆ ಆರರವರೆಗೆ ಕೂರಿಸಿ ಪಾಠ ಹೇಳಿ ನೂರಕ್ಕೆ ನೂರು ತಂದ ಶಿಕ್ಷಕರು ಸರಕಾರಿ ಶಾಲೆಯಲ್ಲಿಯೂ ಇದ್ದಾರೆ, ನಮ್ಮ ಶಾಲೆಗಳಲ್ಲಿಯೂ ಇದ್ದಾರೆ. ಅವರಿಗೆ ನಮ್ಮ ವಂದನೆ. ಆದರೆ ಫ್ಲೆಕ್ಸ್ ಮಾತ್ರ ನೋಡಿದರೆ ಈ ಶಾಲೆಗೂ ಆ ಶಾಲೆಗೂ ವ್ಯತ್ಯಾಸ ಕಾಣದು. ಎಂಟು ಮಕ್ಕಳ ವರ್ಗಾವಣೆ ಪತ್ರ ಯಾವ ಫ್ಲೆಕ್ಸ್‌ನಲ್ಲಿಯೂ ಇರುವುದಿಲ್ಲ.

ಕ್ರೈಸ್ತ ಶಿಕ್ಷಣದ ಬಗ್ಗೆ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆ, ಬಡವರ, ಕುಟುಂಬದ ಆಸರೆ ಇಲ್ಲದವರ ಮತ್ತು ವಿಶ್ವಾಸದಿಂದ ಹೊರಗಿರುವವರ ಅಗತ್ಯಕ್ಕೆ ವಿಶೇಷ ಗಮನ ಕೊಡುವಂತೆ ಕೆಥೋಲಿಕ್ ಶಾಲೆಗಳ ಹೊಣೆ ಹೊತ್ತವರನ್ನು ಕೇಳಿಕೊಂಡಿದೆ. ಒಂಬತ್ತನೆಯ ತರಗತಿಯಲ್ಲಿ ಹೊರಗೆ ಹೋಗುವ ಮಗು ಹೆಚ್ಚಾಗಿ ಇವರಲ್ಲೊಬ್ಬ. ಆ ಮಗುವನ್ನು ಬಿಟ್ಟು ಗಳಿಸಿದ ಶೇಕಡಾವನ್ನು ಹರ್ಷದಿಂದ ಪ್ರಕಟಿಸುವ ಮೊದಲು ನಮ್ಮ ಸಂಸ್ಥೆಗಳು ಒಮ್ಮೆ ಯೋಚಿಸಬೇಕು. ಇದನ್ನು ನಾವು ಇತರರಿಗಲ್ಲ, ಮೊದಲು ನಮಗೇ ಹೇಳಿಕೊಳ್ಳುತ್ತಿದ್ದೇವೆ.

ಸಣ್ಣ ಶಾಲೆಯ ಕಷ್ಟ

ಹನ್ನೆರಡು ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಫಲಿತಾಂಶ ಶೇ. 91.67. ಇಬ್ಬರಾದರೆ ಶೇ. 83.33. ನೂರಿಪ್ಪತ್ತು ಮಕ್ಕಳ ಶಾಲೆಯಲ್ಲಿ ಹತ್ತು ಮಂದಿ ಅನುತ್ತೀರ್ಣರಾದರೂ ಅದೇ ಶೇ. 91.67. ಸಣ್ಣ ಶಾಲೆಯಲ್ಲಿ ಒಬ್ಬ ಹುಡುಗನ ಕಾಯಿಲೆ ಅಥವಾ ಒಂದು ಮನೆಯ ಸಾವು ಇಡೀ ಶಾಲೆಯ ‘ಗುಣಮಟ್ಟ’ವನ್ನು ಇಳಿಸಿಬಿಡುತ್ತದೆ.

ಆದುದರಿಂದ ಒಂದು ವರ್ಷದ ಲೆಕ್ಕ ಸಾಲದು, ಮೂರು ವರ್ಷದ್ದನ್ನು ಒಟ್ಟಿಗೆ ನೋಡಬೇಕು. ಹಾಗೆ ನೋಡುವಾಗ ಮೂರು ಶೇಕಡಾಗಳನ್ನು ಕೂಡಿಸಿ ಮೂರರಿಂದ ಭಾಗಿಸಬಾರದು. ಮೂರು ವರ್ಷಗಳಲ್ಲಿ ಕುಳಿತವರನ್ನೆಲ್ಲ ಕೂಡಿಸಿ, ಉತ್ತೀರ್ಣರಾದವರನ್ನೆಲ್ಲ ಕೂಡಿಸಿ ಆಮೇಲೆ ಶೇಕಡಾ ತೆಗೆಯಬೇಕು. ಉದಾಹರಣೆಗೆ, ಮೂರು ವರ್ಷಗಳಲ್ಲಿ 10ರಲ್ಲಿ 10, 20ರಲ್ಲಿ 16, 30ರಲ್ಲಿ 21 ಮಂದಿ ಉತ್ತೀರ್ಣರಾದರೆ ಶೇಕಡಾಗಳ ಸರಾಸರಿ 83.3 ಎಂದು ಕಾಣುತ್ತದೆ. ನಿಜವಾಗಿ 60ರಲ್ಲಿ 47, ಅಂದರೆ 78.3. ಈ ಮೂರು ವರ್ಷಗಳಲ್ಲಿ ನಿಯಮಗಳು ಬದಲಾಗಿದ್ದರೆ ಅದೇ ವರ್ಷಗಳ ರಾಜ್ಯದ ಮತ್ತು ಜಿಲ್ಲೆಯ ಸರಾಸರಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹೆತ್ತವರು ಕೇಳಬೇಕಾದ ಪ್ರಶ್ನೆಗಳು

ಮಗುವನ್ನು ಸೇರಿಸುವ ಮೊದಲು ಮುಖ್ಯೋಪಾಧ್ಯಾಯರಲ್ಲಿ ವಿನಯದಿಂದ ಈ ಪ್ರಶ್ನೆಗಳನ್ನು ಕೇಳಬಹುದು.

1. ಎರಡು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತರಲ್ಲಿ ಪರೀಕ್ಷೆ ಬರೆದವರು ಎಷ್ಟು?

2. ಒಂಬತ್ತರಲ್ಲಿ ಹಿಂದುಳಿದ ಮಗುವಿಗೆ ಶಾಲೆ ಏನು ಮಾಡುತ್ತದೆ?

3. ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್‌ಗೆ ಕಾಯಂ ಶಿಕ್ಷಕರಿದ್ದಾರೆಯೇ? ವರ್ಷದ ಮಧ್ಯೆ ಶಿಕ್ಷಕರು ಬದಲಾದರೇ?

4. 375ಕ್ಕಿಂತ, ಅಂದರೆ ಶೇ. 60ಕ್ಕಿಂತ ಹೆಚ್ಚು ಅಂಕ ಪಡೆದವರು ಎಷ್ಟು ಮಂದಿ? ಬರೇ ದಡ ಸೇರಿದವರು ಎಷ್ಟು?

5. ಮಾಧ್ಯಮ ಯಾವುದು? ಏಳರವರೆಗೆ ಕನ್ನಡದಲ್ಲಿ ಓದಿದ ಮಗು ಎಂಟರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬಂದರೆ ಶಾಲೆ ಹೇಗೆ ಸಹಾಯ ಮಾಡುತ್ತದೆ?

6. ಪರೀಕ್ಷೆ-1ರಲ್ಲಿ ಅನುತ್ತೀರ್ಣರಾದವರಲ್ಲಿ ಎಷ್ಟು ಮಂದಿ ನಂತರದ ಪರೀಕ್ಷೆಯಲ್ಲಿ ಉತ್ತೀರ್ಣರಾದರು?

ತರಗತಿವಾರು ಮಕ್ಕಳ ಸಂಖ್ಯೆ ಮತ್ತು ಶಿಕ್ಷಕರ ಸಂಖ್ಯೆ ಪ್ರತಿ ಶಾಲೆಯ ಯುಡೈಸ್ ದಾಖಲೆಯಲ್ಲಿ ಇರುತ್ತದೆ. ಇದು ಗುಟ್ಟಿನ ವಿಷಯವಲ್ಲ. ಇಂಥ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುವ ಶಾಲೆಯನ್ನು ನಂಬಬಹುದು.

ಧರ್ಮಕೇಂದ್ರಗಳು ಏನು ಮಾಡಬಹುದು?

ಕೊನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. 2024ರಿಂದ ಒಂದೇ ಶೈಕ್ಷಣಿಕ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಹೆಚ್ಚು ಅಂಕ ಬಂದದ್ದನ್ನು ಉಳಿಸಿಕೊಳ್ಳಬಹುದು. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಬಂತು, ಪರೀಕ್ಷೆ-2 ಮೇ 26ಕ್ಕೆ ಆರಂಭವಾಯಿತು. ನಡುವೆ ಇದ್ದದ್ದು ಮೂರು ವಾರ ಮಾತ್ರ. ಆ ಮೂರು ವಾರಗಳಲ್ಲಿ ಊರೆಲ್ಲ ಶೇ. 95 ಪಡೆದವರಿಗೆ ಶಾಲು ಹೊದಿಸುವ ಸಂಭ್ರಮದಲ್ಲಿರುತ್ತದೆ. ಅನುತ್ತೀರ್ಣನಾದ ಹುಡುಗ ನಾಚಿಕೆಯಿಂದ ಪೂಜೆಗೂ ಬರುವುದಿಲ್ಲ. ನೋಂದಣಿಯ ದಿನಾಂಕ ದಾಟಿಹೋದ ಮೇಲೆ ಯಾರೋ ವಿಚಾರಿಸುತ್ತಾರೆ.

ಗುರಿಕಾರರು ತಮ್ಮ ವಾರ್ಡಿನಲ್ಲಿ ಇಂಥ ಮಕ್ಕಳಿರುವ ಮನೆಗೆ ಫಲಿತಾಂಶದ ವಾರವೇ ಹೋಗಬೇಕು. ನಿವೃತ್ತ ಶಿಕ್ಷಕ ಶಿಕ್ಷಕಿಯರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ, ಚರ್ಚ್ ಸಭಾಭವನ ಹಗಲಿನಲ್ಲಿ ಖಾಲಿಯಿರುತ್ತದೆ. ಗಣಿತ ಮತ್ತು ವಿಜ್ಞಾನಕ್ಕೆ ಇಪ್ಪತ್ತು ದಿನಗಳ ತರಗತಿ ನಡೆಸಲು ಹೆಚ್ಚಿನ ಹಣ ಬೇಡ. ಯುವ ಸಂಘಟನೆಗಳು ಅರ್ಜಿ ತುಂಬಲು ನೆರವಾಗಲಿ. ಈ ತರಗತಿ ಎಲ್ಲ ಧರ್ಮದ, ಎಲ್ಲ ಶಾಲೆಯ ಮಕ್ಕಳಿಗೂ ತೆರೆದಿರಲಿ. ಪಕ್ಕದ ಸರಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ನಮ್ಮವರಿದ್ದರೆ ಆ ಶಾಲೆಯ ಚಿಂತೆಯೂ ನಮ್ಮದೇ.

ಮುಂದಿನ ಫಲಿತಾಂಶ ಬಂದಾಗ ಸಂಚಾಲಕರಲ್ಲಿ ನಮ್ಮ ಒಂದು ವಿನಂತಿ. ಶೇಕಡಾದ ಜೊತೆಗೆ ಇನ್ನೆರಡು ಸಂಖ್ಯೆಗಳನ್ನೂ ಪ್ರಕಟಿಸಿ: ಎಂಟನೆಯ ತರಗತಿಗೆ ಸೇರಿದವರು ಇಷ್ಟು, ಹತ್ತನ್ನು ದಾಟಿದವರು ಇಷ್ಟು. ಶೇ. 87 ಪಡೆದ ಶಾಲೆಯೂ ಆಗ ತಲೆಯೆತ್ತಿ ನಿಲ್ಲಬಹುದು. ಹೆತ್ತವರಿಗೂ ನಿಜವಾದ ಹೋಲಿಕೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ಕಾಣೆಯಾದ ಮಕ್ಕಳು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತದೆ.